ತಟ್ಟೆ ಲೆಕ್ಕ: ಅಮೆರಿಕದ ಸರ್ಕಾರಿ ಶಾಲೆಯಲ್ಲಿ ನಿಮ್ಮ ಮಗುವಿನ ಊಟ

ಬೇಸಿಗೆ ರಜೆ ಮುಗಿಯುತ್ತಾ ಬಂದ ಹಾಗೆ ಅಮೆರಿಕದ ಶಾಲೆಗಳಿಂದ ಮನೆಗೆ ಕಾಗದಗಳ ಮೆರವಣಿಗೆ ಶುರುವಾಗುತ್ತದೆ. ಲಸಿಕೆಯ ದಾಖಲೆ, ಬಸ್ಸಿನ ನಂಬರು, ತುರ್ತಿಗೆ ಯಾರಿಗೆ ಫೋನ್ ಮಾಡಬೇಕೆಂಬ ಫಾರಂ, ತರಗತಿಗೆ ತರಬೇಕಾದ ಪೆನ್ಸಿಲು, ಟಿಶ್ಯೂ ಡಬ್ಬಗಳ ಪಟ್ಟಿ. ಇವುಗಳ ನಡುವೆ ಎಲ್ಲೋ ಊಟದ್ದೊಂದು ಅರ್ಜಿ ಇರುತ್ತದೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೊಸದಾಗಿ ಬಂದಿಳಿದವರು ಸಾಮಾನ್ಯವಾಗಿ ಅದನ್ನು ಬದಿಗಿಡುತ್ತಾರೆ. "ಇದು ಬಡವರಿಗೆ ಇರೋದು, ನಮಗಲ್ಲ" ಅನ್ನುವುದು ಒಂದು ಕಾರಣ. "ಅಲ್ಲಿ ಎಲ್ಲಾ ಮಾಂಸವೇ, ನಮ್ಮ ಮಗು ಏನು ತಿನ್ನತ್ತೆ" ಅನ್ನುವುದು ಇನ್ನೊಂದು. ಎರಡರಲ್ಲೂ ಇರುವುದು ಅರ್ಧ ಸತ್ಯ ಮಾತ್ರ.

ಈ ವ್ಯವಸ್ಥೆಯ ಒಳಗುಟ್ಟು ತಿಳಿಯಲು ಒಂದು ಸಂಗತಿ ಹಿಡಿದುಕೊಂಡರೆ ಸಾಕು. ಶಾಲೆಯ ಅಡುಗೆಮನೆ ನಡೆಯುವುದು ತಟ್ಟೆಯ ಲೆಕ್ಕದ ಮೇಲೆ. ಮಗು ಸಾಲಿನ ಕೊನೆಯ ಕೌಂಟರ್ ದಾಟುವಾಗ ಅದರ ಕೈಯಲ್ಲಿರುವ ಟ್ರೇ ನಿಯಮದ ಪ್ರಕಾರ 'ಊಟ' ಅನ್ನಿಸಿಕೊಂಡರೆ ಕೇಂದ್ರ ಸರ್ಕಾರದಿಂದ ಶಾಲೆಗೆ ಹಣ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಹಣ್ಣು ಬೇಡವೆಂದ ಮಗುವಿಗೂ ಒಂದು ಸೇಬು ತಗೋ ಎಂದು ಏಕೆ ಹೇಳುತ್ತಾರೆ, ಊಟ ಉಚಿತವಿರುವ ಶಾಲೆಯೂ ಆದಾಯದ ಫಾರಂ ಕೇಳುವುದೇಕೆ, ಸಸ್ಯಾಹಾರ ಒಂದು ಊರಿನಲ್ಲಿ ಸಿಕ್ಕಿ ಪಕ್ಕದೂರಿನಲ್ಲಿ ಸಿಗದಿರುವುದೇಕೆ ಎಂಬ ಪ್ರಶ್ನೆಗಳೆಲ್ಲ ಬಂದು ನಿಲ್ಲುವುದು ಈ ಲೆಕ್ಕದ ಮುಂದೆಯೇ.

ದುಡ್ಡು ಬರುವ ದಾರಿ

ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಒಂದು ಪಟ್ಟಣದ್ದೋ ಕೆಲವು ಬಡಾವಣೆಗಳದ್ದೋ ಸರ್ಕಾರಿ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಬೇರೆಯದೇ ಆಡಳಿತ. ಸಾಮಾನ್ಯವಾಗಿ ಅದಕ್ಕೆ ಚುನಾಯಿತ ಮಂಡಳಿ ಇರುತ್ತದೆ, ಮೇಲೊಬ್ಬ ಸೂಪರಿಂಟೆಂಡೆಂಟ್ ಇರುತ್ತಾರೆ. ಲಾಸ್ ಏಂಜಲೀಸ್‌ನಂಥ ಕಡೆ ಲಕ್ಷಾಂತರ ಮಕ್ಕಳ ಡಿಸ್ಟ್ರಿಕ್ಟ್ ಉಂಟು, ಹಳ್ಳಿಗಾಡಿನಲ್ಲಿ ಒಂದೇ ಶಾಲೆಯದ್ದೂ ಉಂಟು. ಊಟದ ಕೆಲಸಕ್ಕೆ ಇವುಗಳಲ್ಲಿ ಪ್ರತ್ಯೇಕ ವಿಭಾಗವಿರುತ್ತದೆ. 'ನ್ಯೂಟ್ರಿಷನ್ ಸರ್ವಿಸಸ್', 'ಚೈಲ್ಡ್ ನ್ಯೂಟ್ರಿಷನ್', 'ಫುಡ್ ಸರ್ವಿಸಸ್' ಹೀಗೆ ಒಂದೊಂದು ಕಡೆ ಒಂದೊಂದು ಹೆಸರು. ಈ ವಿಭಾಗದ ಖಾತೆ ಪಾಠ ಹೇಳುವ ಖಾತೆಯಿಂದ ಬೇರೆ. ಲಾಭ ಮಾಡುವ ಹಾಗಿಲ್ಲ. ಅಡುಗೆಯವರ ಸಂಬಳ, ತರಕಾರಿ, ಹಾಲು, ಕೆಟ್ಟುಹೋದ ಫ್ರೀಜರಿನ ರಿಪೇರಿ ಬಹುಮಟ್ಟಿಗೆ ಊಟದ ಆದಾಯದಲ್ಲೇ ತೂಗಬೇಕು.

ಆ ಆದಾಯದ ದೊಡ್ಡ ಪಾಲು ವಾಷಿಂಗ್ಟನ್ನಿನ ಕೃಷಿ ಇಲಾಖೆಯದ್ದು. ಶಿಕ್ಷಣ ಇಲಾಖೆಯದ್ದಲ್ಲ ಅನ್ನುವುದು ನಮ್ಮವರಿಗೆ ವಿಚಿತ್ರವೆನಿಸಬಹುದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಳೆ ಮಾರಾಟವಾಗದೆ ರೈತರು ಕಂಗಾಲಾದಾಗ ಸರ್ಕಾರ ಹೆಚ್ಚುವರಿ ಬೆಳೆಯನ್ನು ಕೊಂಡು ಶಾಲೆಗಳಿಗೆ ಕೊಡತೊಡಗಿತು. ಆಮೇಲೆ ಎರಡನೇ ಮಹಾಯುದ್ಧ ಬಂತು. ಸೈನ್ಯಕ್ಕೆ ಕರೆದ ಯುವಕರಲ್ಲಿ ಎಷ್ಟೋ ಮಂದಿ ಪೌಷ್ಟಿಕತೆಯ ಕೊರತೆಯಿಂದಾಗಿ ತಿರಸ್ಕೃತರಾದರು. 1946ರ ಜೂನ್ 4ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಸಹಿ ಹಾಕಿದ ರಾಷ್ಟ್ರೀಯ ಶಾಲಾ ಊಟದ ಕಾಯ್ದೆಯ ಹಿಂದೆ ಮಕ್ಕಳ ಹಸಿವು, ದೇಶದ ರಕ್ಷಣೆ, ರೈತರ ಮಾರುಕಟ್ಟೆ ಮೂರೂ ಇದ್ದವು. ಬೆಳಗಿನ ತಿಂಡಿ ಸೇರಿದ್ದು 1966ರಲ್ಲಿ, ಮೊದಲು ಪ್ರಯೋಗವಾಗಿ. ಇವತ್ತಿಗೂ ಹಣದ ಜೊತೆಗೆ ಚೀಸು, ಬೀನ್ಸು, ಡಬ್ಬಿಯ ಹಣ್ಣು, ಕೋಳಿಮಾಂಸದ ರೂಪದಲ್ಲಿ ಕೃಷಿ ಇಲಾಖೆಯ ಸಾಮಾನು ಶಾಲೆಗಳ ಗೋದಾಮಿಗೆ ಬರುತ್ತಲೇ ಇದೆ. ಒಂದು ಲಕ್ಷದ ಆಸುಪಾಸು ಶಾಲೆಗಳಲ್ಲಿ ಮೂರು ಕೋಟಿಗೆ ಹತ್ತಿರ ಮಕ್ಕಳು ದಿನವೂ ಈ ಊಟ ಮಾಡುತ್ತಾರೆ.

ಮಕ್ಕಳನ್ನು ಆದಾಯದ ಮೇಲೆ ಮೂರು ಗುಂಪು ಮಾಡಿದ್ದಾರೆ: ಉಚಿತ, ರಿಯಾಯಿತಿ, ಪೂರ್ತಿ ಬೆಲೆ. ಉಚಿತ ಊಟದ ಒಂದೊಂದು ತಟ್ಟೆಗೆ ಡಿಸ್ಟ್ರಿಕ್ಟಿಗೆ ಈಗ ನಾಲ್ಕೂವರೆ ಡಾಲರಿನ ಆಸುಪಾಸು ಸಿಗುತ್ತದೆ. ರಿಯಾಯಿತಿಯದಕ್ಕೆ ಅದಕ್ಕಿಂತ 40 ಸೆಂಟ್ ಕಡಿಮೆ. ನೀವು ಪೂರ್ತಿ ಬೆಲೆ ಕೊಟ್ಟು ತಿನ್ನಿಸುವ ತಟ್ಟೆಗೂ ಅರ್ಧ ಡಾಲರ್ ಹತ್ತಿರ ಬರುತ್ತದೆ. ಹಾಗಾಗಿ ಎಷ್ಟು ಸಂಬಳ ಬರುವವರ ಮನೆಯ ಮಗುವಾದರೂ ಆ ಸಾಲಿನಲ್ಲಿ ನಿಂತರೆ ಅಡುಗೆಮನೆಗೆ ಅನುಕೂಲವೇ.

ಟ್ರೇಯ ಮೇಲೆ ಏನಿರಬೇಕು

ಮಧ್ಯಾಹ್ನದ ಊಟಕ್ಕೆ ಐದು ಬಗೆ: ಹಣ್ಣು, ತರಕಾರಿ, ಧಾನ್ಯ, ಹಾಲು, ಮತ್ತು ಮಾಂಸ ಅಥವಾ ಅದರ ಬದಲಿಗೆ ಪ್ರೋಟೀನ್ ಇರುವ ಪದಾರ್ಥ. ಅಡುಗೆಮನೆ ಐದನ್ನೂ ಮುಂದಿಡಬೇಕು. ಮಗು ಐದನ್ನೂ ತೆಗೆದುಕೊಳ್ಳಬೇಕೆಂದಿಲ್ಲ. ಯಾವುದಾದರೂ ಮೂರು ಸಾಕು, ಆದರೆ ಅದರಲ್ಲಿ ಒಂದು ಅರ್ಧ ಕಪ್ ಹಣ್ಣು ಅಥವಾ ತರಕಾರಿ ಆಗಿರಲೇಬೇಕು. ಈ ಆಯ್ಕೆಯ ಪದ್ಧತಿ ಹೈಸ್ಕೂಲಿನಲ್ಲಿ ಕಡ್ಡಾಯ, ಕೆಳಗಿನ ತರಗತಿಗಳಲ್ಲಿ ಡಿಸ್ಟ್ರಿಕ್ಟಿನ ತೀರ್ಮಾನಕ್ಕೆ ಬಿಟ್ಟದ್ದು.

ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಸಾಲಿನಲ್ಲಿ ಬರುತ್ತಿದ್ದಾಳೆ ಅಂದುಕೊಳ್ಳಿ. ಟ್ರೇಯಲ್ಲಿ ಬೀನ್ಸು ಚೀಸು ತುಂಬಿದ ಬರಿಟೋ, ಒಂದು ಚಾಕೊಲೇಟ್ ಹಾಲಿನ ಪೊಟ್ಟಣ. ಬರಿಟೋದಲ್ಲಿ ಧಾನ್ಯವೂ ಪ್ರೋಟೀನೂ ಸೇರಿವೆ, ಹಾಲು ಮೂರನೆಯದು. ಲೆಕ್ಕ ಸರಿಯಾಯಿತಲ್ಲ ಅನ್ನಬಹುದು. ಆಗಲಿಲ್ಲ, ಹಣ್ಣೂ ಇಲ್ಲ ತರಕಾರಿಯೂ ಇಲ್ಲ. ಕೊನೆಯಲ್ಲಿ ಕೂತ ಹೆಂಗಸು ಕಂಪ್ಯೂಟರಿನ ಪರದೆ ನೋಡುವ ಮೊದಲು ಟ್ರೇ ನೋಡುತ್ತಾಳೆ, ಪಕ್ಕದ ಬುಟ್ಟಿಯ ಕಡೆ ಕೈ ತೋರಿಸಿ "ಹನಿ, ಗ್ರ್ಯಾಬ್ ಎ ಫ್ರೂಟ್" ಅನ್ನುತ್ತಾಳೆ. ಹುಡುಗಿ ಒಂದು ಪೊಟ್ಟಣ ಎಳೆಯ ಕ್ಯಾರೆಟ್ ಎತ್ತಿಕೊಂಡು ಕೀಪ್ಯಾಡಿನಲ್ಲಿ ತನ್ನ ನಂಬರು ಒತ್ತುತ್ತಾಳೆ. ತಟ್ಟೆ ಲೆಕ್ಕಕ್ಕೆ ಬಂತು. ಕ್ಯಾರೆಟ್ ಹೊಟ್ಟೆಗೆ ಹೋಯಿತೋ ಕಸದ ಡಬ್ಬಿಗೆ ಹೋಯಿತೋ ಲೆಕ್ಕದಲ್ಲಿ ಇಲ್ಲ. ಅನ್ನ ಚೆಲ್ಲಬಾರದೆಂದು ಕೇಳಿ ಬೆಳೆದವರಿಗೆ ಇದು ಹೊಟ್ಟೆ ಉರಿಸುವ ನೋಟ. ನನ್ನ ಮಟ್ಟಿಗೆ ಈ ಇಡೀ ಏರ್ಪಾಟಿನ ದೊಡ್ಡ ಕೊರತೆಯೂ ಅದೇ. ಅನೇಕ ಶಾಲೆಗಳಲ್ಲಿ ಈಗ 'ಶೇರ್ ಟೇಬಲ್' ಇಟ್ಟಿದ್ದಾರೆ. ತೆರೆಯದ ಹಾಲು, ಮುಟ್ಟದ ಹಣ್ಣು ಅಲ್ಲಿ ಇಟ್ಟರೆ ಇನ್ನೂ ಹಸಿವಿರುವ ಮಗು ಎತ್ತಿಕೊಳ್ಳಬಹುದು. ನಿಮ್ಮ ಶಾಲೆಯಲ್ಲಿ ಅದಿಲ್ಲದಿದ್ದರೆ ಪೋಷಕರ ಸಭೆಯಲ್ಲಿ ಕೇಳಿ. ಕೃಷಿ ಇಲಾಖೆಯೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ.

ತಟ್ಟೆಯಲ್ಲಿ ಏನಿದೆ ಅನ್ನುವುದಕ್ಕೂ ಕಟ್ಟುಪಾಡುಗಳಿವೆ. ಐದನೇ ತರಗತಿಯವರೆಗೆ ಊಟದ ಕ್ಯಾಲೊರಿ ವಾರದ ಸರಾಸರಿಯಲ್ಲಿ 550ರಿಂದ 650ರ ಒಳಗಿರಬೇಕು, ಹೈಸ್ಕೂಲಿಗೆ 750ರಿಂದ 850. ವಾರಕ್ಕೆ ಬಡಿಸುವ ಧಾನ್ಯದಲ್ಲಿ ಶೇ. 80ರಷ್ಟು ಇಡಿಧಾನ್ಯ ಪ್ರಧಾನವಾಗಿರಬೇಕು. ಶಾಲೆಯ ಪಿಟ್ಸಾ ಹೊರಗಿನ ಅಂಗಡಿಯದರ ಹಾಗಿರದೆ ಸ್ವಲ್ಪ ಕಂದಾಗಿ, ಸ್ವಲ್ಪ ಸಪ್ಪೆಯಾಗಿ ಇರುವುದಕ್ಕೆ ಇವೆಲ್ಲ ಕಾರಣ. 2025ರ ಜುಲೈನಿಂದ ಚಾಕೊಲೇಟ್ ಹಾಲು, ಮೊಸರು, ಬೆಳಗಿನ ಸೀರಿಯಲ್‌ಗಳಲ್ಲಿ ಸೇರಿಸುವ ಸಕ್ಕರೆಗೂ ಮಿತಿ ಬಂದಿದೆ. ನಮಗೆ ಬೇಕಾದ ಒಂದು ನಿಯಮವೂ ಇದರಲ್ಲಿದೆ. ಪ್ರತಿವಾರ ಹಸಿರು ಸೊಪ್ಪಿನ ಬಗೆ, ಕೆಂಪು ಕಿತ್ತಳೆ ಬಣ್ಣದ ತರಕಾರಿಯ ಜೊತೆಗೆ ಕಾಳುಗಳನ್ನೂ ಬಡಿಸಲೇಬೇಕು. ಕಾಬೂಲಿ ಕಡಲೆ, ರಾಜ್ಮಾ, ಕಪ್ಪು ಬೀನ್ಸು ವಾರಕ್ಕೊಮ್ಮೆಯಾದರೂ ಸಿಕ್ಕೇ ಸಿಗುತ್ತವೆ.

ಹಾಲು ಕಡ್ಡಾಯವೆಂದು ಬಹಳ ಮಂದಿ ತಿಳಿದಿದ್ದಾರೆ. ಆಯ್ಕೆಯ ಪದ್ಧತಿ ಇರುವಲ್ಲಿ ಬೇಡವೆನ್ನಬಹುದು. ಕುಡಿಯುವ ನೀರು ದುಡ್ಡಿಲ್ಲದೆ ಸಿಗಬೇಕು.

ಇನ್ನು ಸಮಯದ ಮಾತು. ದೊಡ್ಡ ಶಾಲೆಗಳಲ್ಲಿ ಒಂದೇ ಹಾಲ್‌ನಲ್ಲಿ ಸರದಿಯ ಮೇಲೆ ಊಟ ಮುಗಿಸಬೇಕಾಗಿರುವುದರಿಂದ ಕೆಲವು ತರಗತಿಗಳಿಗೆ ಬೆಳಗಿನ ಹತ್ತೂವರೆಗೇ 'ಲಂಚ್' ಆಗಿಹೋಗುತ್ತದೆ. ಸಾಲಿನಲ್ಲಿ ನಿಲ್ಲುವುದೂ ಸೇರಿ ಇಪ್ಪತ್ತು ಮೂವತ್ತು ನಿಮಿಷ. ನಿಧಾನವಾಗಿ ತಿನ್ನುವ ಮಗುವಿಗೆ ಸಾಲಿಗಿಂತ ಡಬ್ಬಿಯೇ ವಾಸಿ ಅನ್ನಿಸಿದರೆ ತಪ್ಪಿಲ್ಲ. ಎರಡನ್ನೂ ಬೆರೆಸಬಹುದು: ಎರಡು ದಿನ ಶಾಲೆಯ ಊಟ, ಮೂರು ದಿನ ಚಪಾತಿ ರೋಲು, ಚಿತ್ರಾನ್ನ. ಇಂತಿಷ್ಟು ದಿನ ತಿನ್ನಲೇಬೇಕೆಂಬ ಒಪ್ಪಂದವೇನೂ ಇಲ್ಲ.

ಮಾಂಸ ತಿನ್ನದ ಮಗು

ಮೊದಲೇ ಒಂದು ಮಾತು. ಧರ್ಮ ಅಥವಾ ಮನೆಯ ಪದ್ಧತಿಯ ಕಾರಣಕ್ಕೆ ಸಸ್ಯಾಹಾರ ಕೊಡಲೇಬೇಕೆಂದು ಕೇಂದ್ರದ ನಿಯಮ ಡಿಸ್ಟ್ರಿಕ್ಟಿಗೆ ಹೇಳುವುದಿಲ್ಲ. ಕೊಟ್ಟರೆ ಒಳ್ಳೆಯದು ಅನ್ನುತ್ತದೆ, ಅಷ್ಟೆ. ಆದರೆ ಚೀಸು, ಮೊಸರು, ಮೊಟ್ಟೆ, ಕಾಳು, ತೋಫು, ಕಡಲೆಕಾಯಿ ಬೆಣ್ಣೆ ಎಲ್ಲವೂ ಮಾಂಸದ ಜಾಗದಲ್ಲಿ ಲೆಕ್ಕಕ್ಕೆ ಬರುವುದರಿಂದ ಕೊಡಲು ಅಡ್ಡಿಯಿಲ್ಲ. ಕೇಳುವ ಮಕ್ಕಳು ಹೆಚ್ಚಿದ್ದಲ್ಲಿ ಅಡುಗೆಮನೆ ಮಾಡುತ್ತದೆ, ತಟ್ಟೆ ಖರ್ಚಾಗದಿದ್ದಲ್ಲಿ ಬಿಡುತ್ತದೆ. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ 2022ರ ಫೆಬ್ರವರಿಯಿಂದ ಶುಕ್ರವಾರ ಸಸ್ಯಮೂಲದ ಊಟವೇ ಮುಖ್ಯ. ಭಾರತೀಯರು ಗುಂಪಾಗಿ ನೆಲೆಸಿರುವ ಬಡಾವಣೆಗಳಲ್ಲಿ ದಿನಕ್ಕೊಂದು ಸಸ್ಯಾಹಾರಿ ಪದಾರ್ಥ ಇರುವುದು ಈಗ ಅಪರೂಪವೇನಲ್ಲ. ಇಲ್ಲದ ಕಡೆ ನಾಲ್ಕಾರು ಮನೆಯವರು ಒಟ್ಟಿಗೆ ನ್ಯೂಟ್ರಿಷನ್ ವಿಭಾಗಕ್ಕೆ ಇಮೇಲ್ ಬರೆಯುವುದು ಒಬ್ಬರು ಹತ್ತು ಸಲ ದೂರುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಮಕ್ಕಳು ಎಷ್ಟು ಮಂದಿ, ವಾರಕ್ಕೆ ಎಷ್ಟು ದಿನ ತಿನ್ನುತ್ತಾರೆ ಎಂದು ಬರೆಯಿರಿ. ಅವರಿಗೆ ಬೇಕಾದದ್ದು ಆ ಸಂಖ್ಯೆಯೇ.

ಮೆನು ಈಗ ಬಹುತೇಕ ಡಿಸ್ಟ್ರಿಕ್ಟುಗಳಲ್ಲಿ ಫೋನಿನಲ್ಲೇ ಸಿಗುತ್ತದೆ. ನ್ಯೂಟ್ರಿಸ್ಲೈಸ್‌ನಂಥ ಆ್ಯಪ್‌ನಲ್ಲಿ ಪದಾರ್ಥದ ಹೆಸರು ಒತ್ತಿದರೆ ಅಲರ್ಜಿಯ ವಿವರವೂ ಎಷ್ಟೋ ಕಡೆ ಪೂರ್ತಿ ಸಾಮಗ್ರಿಯ ಪಟ್ಟಿಯೂ ಕಾಣುತ್ತದೆ. ಭಾನುವಾರ ರಾತ್ರಿ ಮಗುವಿನ ಜೊತೆ ಕೂತು ವಾರದ ಮೆನು ನೋಡುವುದು ಒಳ್ಳೆಯ ಅಭ್ಯಾಸ. ಬದಿಯಲ್ಲಿ 'ವಿ' ಗುರುತಿದ್ದರೆ ಸಸ್ಯಾಹಾರ, ಆದರೆ ಇಲ್ಲಿ ಮೊಟ್ಟೆಯೂ ಅದರೊಳಗೇ ಬರುತ್ತದೆ ಅನ್ನುವುದು ನೆನಪಿರಲಿ.

ಕಣ್ಣಿಗೆ ಬೀಳುವ ಮಾಂಸಕ್ಕಿಂತ ಬೀಳದಿರುವುದೇ ತೊಂದರೆ. ಮಾರ್ಷ್‌ಮ್ಯಾಲೋ ಹಾಕಿದ ತಿಂಡಿಗಳಲ್ಲಿ, ಕೆಲವು ಮೊಸರುಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರುತ್ತದೆ. ತರಕಾರಿ ಸೂಪಿಗೆ ಕೋಳಿಯ ರಸ ಹಾಕಿರಬಹುದು. ಅರೆದ ಬೀನ್ಸಿನಲ್ಲಿ ಹಂದಿಕೊಬ್ಬು ಇರುವ ಸಾಧ್ಯತೆಯುಂಟು, ಸೀಸರ್ ಸಲಾಡಿನ ಡ್ರೆಸಿಂಗಿನಲ್ಲಿ ಮೀನು. ದನದ ಮಾಂಸ ಮಾತ್ರ ಬೇಡವೆನ್ನುವ ಮನೆಯವರು ಹ್ಯಾಂಬರ್ಗರ್ ಒಂದನ್ನೇ ತಪ್ಪಿಸಿದರೆ ಸಾಲದು. ಟ್ಯಾಕೊ, ಮೀಟ್‌ಬಾಲ್, ಹಾಟ್‌ಡಾಗ್, ಪೆಪರೋನಿ, ಪಾಸ್ತಾದ ಸಾಸ್ ಎಲ್ಲವನ್ನೂ ವಿಚಾರಿಸಬೇಕು. ಕೆಲವು ಡಿಸ್ಟ್ರಿಕ್ಟುಗಳು ಇವನ್ನೇ ಟರ್ಕಿ ಕೋಳಿಯಿಂದ ಮಾಡುತ್ತವೆ. ಸಾಮಗ್ರಿಯ ಪಟ್ಟಿ ಬೇಕೆಂದು ಇಮೇಲ್ ಮಾಡಿದರೆ ಕೊಡುತ್ತಾರೆ, ನಾಚಿಕೆ ಬೇಡ.

ಸಣ್ಣ ಮಗುವಿಗೆ ಮೆನು ಓದಲು ಬರದು, ಚಿಕನ್ ನಗೆಟ್ಟೂ ಚೀಸ್ ಸ್ಟಿಕ್ಕೂ ಅದರ ಕಣ್ಣಿಗೆ ಒಂದೇ. "ಐ ಆ್ಯಮ್ ವೆಜಿಟೇರಿಯನ್" ಎಂದಷ್ಟೇ ಕಲಿಸಬೇಡಿ. ಬಡಿಸುವವರಿಗೆ ಆ ಗಡಿಬಿಡಿಯಲ್ಲಿ ಕೋಳಿ, ಮೀನು ಅದರಲ್ಲಿ ಸೇರುತ್ತವೋ ಇಲ್ಲವೋ ಹೊಳೆಯದೆ ಹೋಗಬಹುದು. "ನೋ ಮೀಟ್, ನೋ ಚಿಕನ್, ನೋ ಫಿಶ್" ಎಂದು ಒಂದೇ ಉಸಿರಿಗೆ ಹೇಳಲು ಕಲಿಸಿ. ಶಾಲೆ ಶುರುವಾಗುವ ಮುಂಚೆಯೇ ಕ್ಯಾಂಟೀನಿನ ಮ್ಯಾನೇಜರಿಗೆ ಒಂದು ಚೀಟಿ ಕಳಿಸಿದರೆ ಮಗುವಿನ ಹೆಸರು ಒತ್ತಿದೊಡನೆ ಪರದೆಯ ಮೇಲೆ ಆ ಸೂಚನೆ ಮೂಡುವ ಹಾಗೆ ಹಾಕಿಕೊಡುತ್ತಾರೆ. ಎಲ್ಲ ಕಡೆಯಲ್ಲ, ಅನೇಕ ಕಡೆ.

ಅಲರ್ಜಿಯ ಮಾತು ಬೇರೆಯೇ. ಅದು ಇಷ್ಟಾನಿಷ್ಟದ ವಿಷಯವಲ್ಲ, ಕಾನೂನಿನ ವಿಷಯ. ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ, ಎಳ್ಳು ಯಾವುದೇ ಇರಲಿ, ಪರವಾನಗಿ ಇರುವ ವೈದ್ಯರಿಂದಲೋ ನೋಂದಾಯಿತ ಡಯಟೀಷಿಯನ್‌ರಿಂದಲೋ ಲಿಖಿತ ಹೇಳಿಕೆ ಕೊಟ್ಟರೆ, ಮತ್ತು ತೊಂದರೆ ಮಗುವಿನ ಊಟಕ್ಕೆ ಅಡ್ಡಿಯಾಗುವಂಥದ್ದಾಗಿದ್ದರೆ, ಡಿಸ್ಟ್ರಿಕ್ಟ್ ಬದಲಿ ಊಟ ಒದಗಿಸಲೇಬೇಕು. ಹೆಚ್ಚಿನ ದುಡ್ಡು ಕೇಳುವ ಹಾಗಿಲ್ಲ. ಊರಿನ ಡಾಕ್ಟರ ಚೀಟಿ ಇಲ್ಲಿ ನಡೆಯುವುದಿಲ್ಲ, ಇಲ್ಲಿನವರ ಸಹಿಯೇ ಬೇಕು. ಶಾಲೆ ಶುರುವಾದ ಮೇಲೆ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗಲು ವಾರಗಟ್ಟಲೆ ಆಗುವುದುಂಟು. ಜುಲೈನಲ್ಲೇ ಮಾಡಿಸಿಟ್ಟುಕೊಳ್ಳಿ.

ಆ ಅರ್ಜಿ

2025–26ರ ಶಾಲಾ ವರ್ಷಕ್ಕೆ ನಾಲ್ಕು ಜನರ ಕುಟುಂಬದ ವಾರ್ಷಿಕ ಆದಾಯ 41,795 ಡಾಲರ್ ಮೀರದಿದ್ದರೆ ಊಟ ಉಚಿತ. 59,478 ಮೀರದಿದ್ದರೆ ರಿಯಾಯಿತಿ, ಅಂದರೆ ಊಟಕ್ಕೆ ಹೆಚ್ಚೆಂದರೆ 40 ಸೆಂಟ್, ತಿಂಡಿಗೆ 30 ಸೆಂಟ್. ಮೂವರ ಕುಟುಂಬಕ್ಕೆ ಇದೇ ಮಿತಿ 34,645 ಮತ್ತು 49,303. ಅಲಾಸ್ಕಾ, ಹವಾಯಿಗಳಲ್ಲಿ ಇದಕ್ಕಿಂತ ಹೆಚ್ಚು. ಕೇಂದ್ರದ ಬಡತನ ರೇಖೆಯ ಶೇ. 130 ಮತ್ತು ಶೇ. 185 ಎಂಬ ಲೆಕ್ಕದಿಂದ ಬಂದ ಅಂಕಿಗಳಿವು, ಪ್ರತಿ ಜುಲೈಗೆ ಬದಲಾಗುತ್ತವೆ. ತೆರಿಗೆ ಕಳೆಯುವ ಮುಂಚಿನ ಆದಾಯ ಬರೆಯಬೇಕು.

ಸಾಫ್ಟ್‌ವೇರ್ ಸಂಬಳದವರು ಇಷ್ಟು ಓದಿ ಪುಟ ತಿರುಗಿಸಬೇಡಿ. ಕನ್ನಡದವರೆಲ್ಲ ಸಾಫ್ಟ್‌ವೇರಿನವರೇ ಅಲ್ಲ. ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಾ ಅಸಿಸ್ಟೆಂಟ್‌ಶಿಪ್ ಸಂಬಳದಲ್ಲಿ ಹೆಂಡತಿ, ಮಗುವನ್ನು ಸಾಕುತ್ತಿರುವವರು, ಜೊತೆಗಾರರ ವೀಸಾದಲ್ಲಿ ಕೆಲಸ ಮಾಡಲು ಅನುಮತಿ ಇಲ್ಲದೆ ಕೂತವರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಅನೇಕರು ಈ ಮಿತಿಯ ಒಳಗೇ ಬರುತ್ತಾರೆ, ಆದರೂ ಸಂಕೋಚದಿಂದ ಅರ್ಜಿ ಹಾಕುವುದಿಲ್ಲ. ಎರಡನೆಯದು, ಈ ಅರ್ಜಿ ನೋಡುವುದು ಕಳೆದ ವರ್ಷದ ಟ್ಯಾಕ್ಸ್ ಕಾಗದವನ್ನಲ್ಲ, ಈಗಿನ ಆದಾಯವನ್ನು. ವರ್ಷದ ಯಾವ ದಿನ ಬೇಕಾದರೂ ಹಾಕಬಹುದು. ಎಚ್-1ಬಿ ಕೆಲಸ ಕಳೆದುಕೊಂಡು ಮುಂದಿನ 60 ದಿನದಲ್ಲಿ ದಾರಿ ಹುಡುಕುತ್ತಿರುವ ಮನೆಯಲ್ಲಿ ನೂರು ಚಿಂತೆಗಳ ನಡುವೆ ಮಕ್ಕಳ ಊಟದ ಫಾರಂ ನೆನಪಾಗುವುದಿಲ್ಲ. ಅಂಥವರು ಪರಿಚಯದಲ್ಲಿದ್ದರೆ ನೆನಪಿಸಿ.

ಅರ್ಜಿ ಸುಲಭ. ಮನೆಯಲ್ಲಿ ಒಟ್ಟಿಗೆ ಬಾಳುವವರ ಹೆಸರು, ಯಾರಿಗೆ ಎಷ್ಟು ಆದಾಯ, ವಾರಕ್ಕೋ ಎರಡು ವಾರಕ್ಕೋ ತಿಂಗಳಿಗೋ, ಒಬ್ಬರ ಸಹಿ. ಒಂದೇ ಡಿಸ್ಟ್ರಿಕ್ಟಿನಲ್ಲಿ ಎಷ್ಟು ಮಕ್ಕಳಿದ್ದರೂ ಒಂದೇ ಅರ್ಜಿ. ಸಹಿ ಹಾಕಿದವರ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುತ್ತಾರೆ, ನಂಬರು ಇಲ್ಲದಿದ್ದರೆ 'ಇಲ್ಲ' ಎಂಬ ಚೌಕ ಗುರುತು ಮಾಡಿದರೆ ಆಯಿತು. ವೀಸಾ ಯಾವುದು, ಪೌರತ್ವ ಯಾವುದು ಎಂಬ ಪ್ರಶ್ನೆ ಅದರಲ್ಲಿಲ್ಲ. ಶಾಲೆ ನಡೆಯುವ ಹತ್ತು ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಒಮ್ಮೆ ಒಪ್ಪಿದರೆ ಆ ವರ್ಷ ಪೂರ್ತಿಗೆ, ಮುಂದಿನ ವರ್ಷದ ಮೊದಲ 30 ಶಾಲಾ ದಿನಗಳಿಗೂ ನಡೆಯುತ್ತದೆ. ಕೆಲವು ಅರ್ಜಿಗಳನ್ನು ಆರಿಸಿ ಸಂಬಳದ ಚೀಟಿ ಕೇಳುತ್ತಾರೆ. ಆ ಪತ್ರಕ್ಕೆ ಉತ್ತರ ಕೊಡದಿದ್ದರೆ ಸೌಲಭ್ಯ ನಿಲ್ಲುತ್ತದೆ, ಹಾಗಾಗಿ ಜಾಹೀರಾತಿನ ಕಾಗದಗಳ ಜೊತೆ ಎಸೆದುಬಿಡಬೇಡಿ.

ಗ್ರೀನ್ ಕಾರ್ಡಿಗೆ ತೊಂದರೆಯಾಗುತ್ತದೆಯೇ ಎಂಬುದು ನಮ್ಮವರ ಮೊದಲ ಪ್ರಶ್ನೆ. ಸರ್ಕಾರಕ್ಕೆ ಹೊರೆಯಾಗುವವರು ಯಾರು ಎಂದು ನಿರ್ಧರಿಸುವ 2022ರ ನಿಯಮದಲ್ಲಿ ಶಾಲೆಯ ಊಟವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ವಲಸೆಯ ನಿಯಮಗಳು ಅಲುಗಾಡುತ್ತಿರುವ ಕಾಲ ಇದು. ನಿಮ್ಮ ವಕೀಲರನ್ನು ಒಂದು ಮಾತು ಕೇಳಿಕೊಳ್ಳಿ.

ಮಗುವಿಗೆ ಅವಮಾನವಾಗುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಉಚಿತ ಊಟದ ಮಗುವನ್ನು ಬೇರೆ ಸಾಲಿನಲ್ಲಿ ನಿಲ್ಲಿಸುವುದು, ಬೇರೆ ಬಣ್ಣದ ಟೋಕನ್ ಕೊಡುವುದು ನಿಷಿದ್ಧ. ಎಲ್ಲರೂ ಒತ್ತುವುದು ತಮ್ಮ ತಮ್ಮ ನಂಬರನ್ನೇ, ಯಾರ ಖಾತೆಯಲ್ಲಿ ಏನಾಯಿತೆಂದು ಹಿಂದೆ ನಿಂತ ಮಗುವಿಗೆ ಗೊತ್ತಾಗುವುದಿಲ್ಲ. ನಮ್ಮ ಊರಿನ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಫಾರಂ ಇಲ್ಲ, ಆದಾಯದ ಪ್ರಶ್ನೆಯಿಲ್ಲ, ಸಾಲಾಗಿ ಕೂತವರಿಗೆಲ್ಲ ಒಂದೇ ಸಾರು. ಈ ವಿಷಯದಲ್ಲಿ ಅಮೆರಿಕ ನಮ್ಮಿಂದ ಕಲಿಯುವುದಿದೆ ಎಂದೇ ನನ್ನ ಅಭಿಪ್ರಾಯ. ನಿಧಾನವಾಗಿ ಕಲಿಯುತ್ತಲೂ ಇದೆ.

ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಿಂದ 2022ರ ಜೂನ್‌ವರೆಗೆ, ವಿಶೇಷ ಅನುಮತಿಯಿಂದಾಗಿ ದೇಶದ ಶಾಲೆಗಳಲ್ಲಿ ಆದಾಯ ಕೇಳದೆ ಊಟ ಕೊಟ್ಟರು. ಅದು ನಿಂತಾಗ ಕೆಲವು ರಾಜ್ಯಗಳು ತಮ್ಮದೇ ಹಣ ಸೇರಿಸಿ ಮುಂದುವರಿಸಿದವು. ಕ್ಯಾಲಿಫೋರ್ನಿಯಾ ಮತ್ತು ಮೇನ್ ಮೊದಲು, ಆಮೇಲೆ ಕೊಲರಾಡೊ, ಮಿನ್ನೆಸೋಟ, ನ್ಯೂ ಮೆಕ್ಸಿಕೊ, ವರ್ಮಾಂಟ್, ಮಿಷಿಗನ್, ಮ್ಯಾಸಚೂಸೆಟ್ಸ್, 2025ರಲ್ಲಿ ನ್ಯೂಯಾರ್ಕ್. ಈ ರಾಜ್ಯಗಳಲ್ಲಿ ನಿಮ್ಮ ಸಂಬಳ ಎಷ್ಟೇ ಇರಲಿ, ದಿನಕ್ಕೊಂದು ತಿಂಡಿ, ಒಂದು ಊಟ ಉಚಿತ. ಉಳಿದ ರಾಜ್ಯಗಳಲ್ಲೂ ಬಡ ಕುಟುಂಬಗಳು ಹೆಚ್ಚಿರುವ ಶಾಲೆಗಳಿಗೆ ಇನ್ನೊಂದು ದಾರಿಯಿದೆ. ಆಹಾರ ನೆರವಿನಂಥ ಸರ್ಕಾರಿ ಯೋಜನೆಗಳಲ್ಲಿ ಈಗಾಗಲೇ ಹೆಸರಿರುವ ಮಕ್ಕಳು ಒಂದು ಪ್ರಮಾಣ ಮೀರಿದ್ದರೆ ಇಡೀ ಶಾಲೆಗೇ ಉಚಿತ ಮಾಡಬಹುದು. 2010ರ ಕಾನೂನು ತಂದ ಈ ಅವಕಾಶಕ್ಕೆ ಮೊದಲು ಶೇ. 40 ಇರಬೇಕಿತ್ತು, 2023ರ ಅಕ್ಟೋಬರಿನಲ್ಲಿ ಅದನ್ನು ಶೇ. 25ಕ್ಕೆ ಇಳಿಸಿದರು. ಟೆಕ್ಸಾಸಿನಲ್ಲಿ ಹೂಸ್ಟನ್, ಡಲ್ಲಾಸ್ ನಗರಗಳ ದೊಡ್ಡ ಡಿಸ್ಟ್ರಿಕ್ಟುಗಳಲ್ಲಿ ಊಟ ಉಚಿತವಿದ್ದು, ನಮ್ಮವರು ಹೆಚ್ಚಾಗಿ ಮನೆ ಮಾಡುವ ಫ್ರಿಸ್ಕೊದಂಥ ಉಪನಗರಗಳಲ್ಲಿ ಹಣ ಕಟ್ಟಬೇಕಾಗಿರುವುದು ಈ ಕಾರಣಕ್ಕೆ.

ಊಟ ಉಚಿತವಿರುವಲ್ಲೂ ಶಾಲೆ ಆದಾಯದ ಫಾರಂ ತುಂಬಿ ಎಂದು ಬೆನ್ನು ಹತ್ತುತ್ತದೆ. ಬೇಜಾರು ಮಾಡಿಕೊಳ್ಳದೆ ತುಂಬಿಕೊಡಿ. ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಆದಾಯದ ಮಕ್ಕಳ ಸಂಖ್ಯೆಯ ಮೇಲೆ ಶಾಲೆಗಳಿಗೆ ಹೆಚ್ಚುವರಿ ಅನುದಾನ ಬರುತ್ತದೆ. ಮಿತಿಯೊಳಗಿನ ಒಂದು ಮನೆ ಫಾರಂ ಬಿಟ್ಟರೆ ಅಷ್ಟು ಹಣ ಶಾಲೆಗೆ ಖೋತಾ. ಹೈಸ್ಕೂಲಿನ ಮಕ್ಕಳಿಗೆ ಎಸ್‌ಎಟಿ, ಎಪಿ ಪರೀಕ್ಷೆಗಳ ಶುಲ್ಕದಲ್ಲಿ ವಿನಾಯಿತಿ ಸಿಗುವುದಕ್ಕೂ ಇದೇ ಅರ್ಹತೆ ನೆರವಾಗುತ್ತದೆ.

ಖಾತೆ ಮತ್ತು ಬಾಕಿ

ಹಣ ಕಟ್ಟುವ ಕಡೆ ಮಗುವಿನ ಹೆಸರಲ್ಲೊಂದು ಖಾತೆ. ಊಟಕ್ಕೆ ಎರಡೂವರೆಯಿಂದ ನಾಲ್ಕು ಡಾಲರ್‌ವರೆಗೆ ಊರಿಂದೂರಿಗೆ ಬೇರೆ. ಮೈಸ್ಕೂಲ್‌ಬಕ್ಸ್‌ನಂಥ ಆ್ಯಪ್ ಮೂಲಕ ಹಣ ಹಾಕಬಹುದು, ಆದರೆ ಪ್ರತಿ ಸಲ ಹಾಕಿದಾಗಲೂ ಸೇವಾ ಶುಲ್ಕ ಕತ್ತರಿಸುತ್ತಾರೆ. ಹತ್ತು ಹತ್ತು ಡಾಲರ್ ಹಾಕುವ ಬದಲು ಒಟ್ಟಿಗೆ ಹಾಕಿ, ಇಲ್ಲವೇ ಶಾಲೆಗೆ ಚೆಕ್ ಕಳಿಸಿ. ಚೆಕ್ಕಿಗೂ ನಗದಿಗೂ ಆ ಶುಲ್ಕವಿಲ್ಲ. ಖಾತೆಯಲ್ಲಿ ಹಣ ಕಡಿಮೆಯಾದಾಗ ಇಮೇಲ್ ಬರುವ ಹಾಗೆ ಮಾಡಿಟ್ಟುಕೊಳ್ಳಿ.

ಖಾತೆ ಬೇಗ ಖಾಲಿಯಾಗುವುದು ಊಟದಿಂದಲ್ಲ, ಬಿಡಿ ತಿಂಡಿಯಿಂದ. ಚಿಪ್ಸು, ಕುಕಿ, ಜ್ಯೂಸು, ಎರಡನೇ ತುಂಡು ಪಿಟ್ಸಾ ಇವೆಲ್ಲ ಊಟದ ಲೆಕ್ಕಕ್ಕೆ ಸೇರವು, ಉಚಿತ ಊಟದ ಮಗುವಿಗೂ ದುಡ್ಡೇ. ಅದೇ ಕೀಪ್ಯಾಡಿನಲ್ಲಿ ಅದೇ ನಂಬರು ಒತ್ತಿದರೆ ಸಿಗುತ್ತವೆ, ಆರು ವರ್ಷದ ಮಗುವಿಗೆ ಅದು ಮಾಯಾಪೆಟ್ಟಿಗೆಯೇ ಸರಿ. ನಮ್ಮ ಮನೆಗೂ ಒಂದು ತಿಂಗಳು ಹಾಗೇ ಮೈನಸ್ ಬಾಕಿಯ ಇಮೇಲ್ ಬಂದಿತ್ತು. ವಿವರ ತೆಗೆದು ನೋಡಿದರೆ ಊಟದ ಸಾಲುಗಳಿಗಿಂತ ಐಸ್‌ಕ್ರೀಮಿನ ಸಾಲುಗಳೇ ಉದ್ದ. ಬಿಡಿ ತಿಂಡಿ ಕೊಡಬೇಡಿ ಎಂದು ಒಂದು ಇಮೇಲ್ ಬರೆದರೆ ಖಾತೆಗೆ ತಡೆ ಹಾಕುತ್ತಾರೆ.

ಖಾತೆ ಮೈನಸ್‌ಗೆ ಇಳಿದರೆ ಏನು ಮಾಡುತ್ತಾರೆ ಅನ್ನುವುದು ಡಿಸ್ಟ್ರಿಕ್ಟಿನ ಲಿಖಿತ ನೀತಿಯಲ್ಲಿರುತ್ತದೆ. 2017ರ ಜುಲೈನಿಂದ ಅಂಥ ನೀತಿ ಇಟ್ಟುಕೊಳ್ಳುವುದು ಕಡ್ಡಾಯ. ಹಿಂದೆಲ್ಲ ಬಿಸಿ ಊಟದ ಟ್ರೇ ಕಿತ್ತುಕೊಂಡು ತಣ್ಣನೆಯ ಚೀಸ್ ಸ್ಯಾಂಡ್‌ವಿಚ್ ಕೈಗಿಡುತ್ತಿದ್ದರು, ಕೆಲವೆಡೆ ಮಗುವಿನ ಕೈ ಮೇಲೆ ಮುದ್ರೆ ಒತ್ತಿ ಕಳಿಸಿದ್ದೂ ಉಂಟು. ಇದನ್ನು ಕಾನೂನಿನಿಂದ ತಡೆದ ಮೊದಲ ರಾಜ್ಯ ನ್ಯೂ ಮೆಕ್ಸಿಕೊ, 2017ರಲ್ಲಿ. ಅನಂತರ ಹಲವು ರಾಜ್ಯಗಳು ಅದೇ ದಾರಿ ಹಿಡಿದವು, ಎಲ್ಲವೂ ಅಲ್ಲ. ನಿಮ್ಮ ಡಿಸ್ಟ್ರಿಕ್ಟಿನ ನೀತಿ ಓದಿಟ್ಟುಕೊಳ್ಳಿ. ಬಾಕಿ ಬಿದ್ದ ಹಣವನ್ನು ಡಿಸ್ಟ್ರಿಕ್ಟ್ ಕೇಂದ್ರದ ಊಟದ ಹಣದಿಂದ ಮುಚ್ಚಿಕೊಳ್ಳುವಂತಿಲ್ಲ, ಆದ್ದರಿಂದಲೇ ವಸೂಲಿಗೆ ಅಷ್ಟು ಹಠ. ಒಂದು ಎಚ್ಚರಿಕೆ: ಅರ್ಜಿ ಒಪ್ಪುವ ಮುಂಚೆ ಸೇರಿದ ಬಾಕಿ ಸಾಮಾನ್ಯವಾಗಿ ಮನ್ನಾ ಆಗುವುದಿಲ್ಲ. ತಡ ಮಾಡಿದಷ್ಟೂ ನಿಮ್ಮ ಮೇಲೇ ಬರುತ್ತದೆ.

ಬೇಸಿಗೆಯಲ್ಲಿ ಶಾಲೆ ಮುಚ್ಚಿದರೂ ಕೆಲವು ಗ್ರಂಥಾಲಯ, ಪಾರ್ಕು, ಶಾಲೆಗಳಲ್ಲಿ 18ರವರೆಗಿನ ಮಕ್ಕಳಿಗೆ ಊಟ ಸಿಗುತ್ತದೆ. ಸಾಮಾನ್ಯವಾಗಿ ಅರ್ಜಿಯಿಲ್ಲ, ಗುರುತಿನ ಚೀಟಿಯಿಲ್ಲ, ಬಂದ ಮಗುವಿಗೆ ಊಟ. ಇದಲ್ಲದೆ 2024ರಿಂದ 'ಸನ್ ಬಕ್ಸ್' ಎಂಬ ಯೋಜನೆಯಲ್ಲಿ ಅರ್ಹ ಮಗುವೊಂದಕ್ಕೆ ಬೇಸಿಗೆಗೆ 120 ಡಾಲರ್ ದಿನಸಿಗೆಂದು ಕಾರ್ಡಿನಲ್ಲಿ ಹಾಕುತ್ತಾರೆ. ಎಲ್ಲ ರಾಜ್ಯಗಳೂ ಇದಕ್ಕೆ ಸೇರಿಲ್ಲ. ಸೇರಿದ ರಾಜ್ಯದಲ್ಲಿ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಜಿ ಒಪ್ಪಿತವಾಗಿದ್ದರೆ ಸಾಮಾನ್ಯವಾಗಿ ತಾನಾಗಿ ಬರುತ್ತದೆ.

ಮನೆ ಬದಲಿಸುವವರಿಗೆ ಕೊನೆಯದಾಗಿ ಎರಡು ವಿಷಯ. ರಸ್ತೆಯ ಆಚೆ ಬದಿಗೆ ಹೋದರೂ ಡಿಸ್ಟ್ರಿಕ್ಟ್ ಬದಲಾಗಬಹುದು, ಆಗ ಹೊಸ ಕಡೆ ಹೊಸ ಅರ್ಜಿ ಹಾಕಿ. ಹಳೆಯ ಒಪ್ಪಿಗೆಯ ಪತ್ರ ತೋರಿಸಿ, ಅದು ಇಲ್ಲಿಯೂ ನಡೆಯುತ್ತದೆಯೇ ಎಂದು ವಿಚಾರಿಸಿ. ಇನ್ನು ಹಳೆಯ ಖಾತೆಯಲ್ಲಿ ಉಳಿದ ದುಡ್ಡು. ಊರಿಗೆ ವಾಪಸು ಹೊರಟವರು ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಅದನ್ನು ಮರೆತೇಬಿಡುತ್ತಾರೆ. ನ್ಯೂಟ್ರಿಷನ್ ವಿಭಾಗಕ್ಕೆ ಲಿಖಿತವಾಗಿ ಕೇಳಿದರೆ ಚೆಕ್ ಕಳಿಸುತ್ತಾರೆ. ಬ್ಯಾಂಕ್ ಖಾತೆ ಮುಚ್ಚುವ ಮುಂಚೆ ಕೇಳಿ, ಭಾರತಕ್ಕೆ ಬಂದ ಮೇಲೆ ಹದಿನೆಂಟು ಡಾಲರಿನ ಅಮೆರಿಕನ್ ಚೆಕ್ ಇಟ್ಟುಕೊಂಡು ಏನೂ ಮಾಡಲಾಗದು.